ಕೆಲಸಕ್ಕೆ ಜಾಗವುಂಟು, ಮನೆಗಿಲ್ಲ

ಕ್ಯಾಲಿಫೋರ್ನಿಯಾದ ಕುಪರ್ಟಿನೊ ಊರನ್ನು 280ನೇ ಹೆದ್ದಾರಿ ಸೀಳಿಕೊಂಡು ಹೋಗುತ್ತದೆ. ಹೆದ್ದಾರಿಯ ಉತ್ತರಕ್ಕೆ ಆ್ಯಪಲ್ ಕಂಪನಿಯ ಉಂಗುರದಾಕಾರದ ಕೇಂದ್ರ ಕಚೇರಿ. 175 ಎಕರೆ ಆವರಣ, 28 ಲಕ್ಷ ಚದರ ಅಡಿಯ ಕಟ್ಟಡ, 12,000 ಜನರಿಗೆ ಮೇಜು ಕುರ್ಚಿ. ಹೆದ್ದಾರಿಯ ದಕ್ಷಿಣಕ್ಕೆ, ವುಲ್ಫ್ ರಸ್ತೆಯ ಎರಡೂ ಬದಿಗೆ, ವಾಲ್ಕೊ ಎಂಬ ಹಳೆಯ ಮಾಲ್‌ನ 50 ಎಕರೆ ಜಾಗ. ಆ್ಯಪಲ್‌ನ ಯೋಜನೆ 2011ರಲ್ಲಿ ಪುರಸಭೆಯ ಮುಂದೆ ಬಂತು, 2013ರಲ್ಲಿ ಒಪ್ಪಿಗೆ ಪಡೆಯಿತು, 2017ರಲ್ಲಿ ಬಾಗಿಲು ತೆರೆಯಿತು. ವಾಲ್ಕೊ ಜಾಗವನ್ನು ಒಬ್ಬ ಡೆವಲಪರ್ 2014ರಲ್ಲಿ ಕೊಂಡರು. ಅಲ್ಲಿ ಎಷ್ಟು ಮನೆ ಕಟ್ಟಬಹುದು ಎಂಬ ಒಂದೇ ಪ್ರಶ್ನೆಗೆ ಊರು ಎರಡು ಮತದಾನ, ಒಂದು ಸಹಿ ಸಂಗ್ರಹ, ಒಂದು ದೊಡ್ಡ ಮೊಕದ್ದಮೆಯನ್ನು ಕಂಡಿತು. ಊರಿನ ಅಕ್ಕಪಕ್ಕದವರು ಪರಸ್ಪರ ಮುಖ ತಿರುಗಿಸುವಷ್ಟು ಮನಸ್ತಾಪವೂ ಬೆಳೆಯಿತು.

ಇದು ಸಾವಿರಾರು ಮೈಲಿ ದೂರದ ಊರಿನ ಜಗಳವಾದರೂ ಕನ್ನಡಿಗರಿಗೆ ಹೊರಗಿನದಲ್ಲ. 1973ರಲ್ಲಿ ಹುಟ್ಟಿದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಕುಟುಂಬಗಳು ನೆಲೆಸಿರುವುದು ಕುಪರ್ಟಿನೊ, ಸನಿವೇಲ್, ಸ್ಯಾನ್ ಹೊಸೆ, ಫ್ರೀಮಾಂಟ್ ಸುತ್ತಲಿನ ಇಂಥ ಊರುಗಳಲ್ಲೇ. ಸುಮಾರು 60,000 ಜನಸಂಖ್ಯೆಯ ಕುಪರ್ಟಿನೊದಲ್ಲಿ ಮೂರರಲ್ಲಿ ಎರಡು ಪಾಲು ಏಷ್ಯಾ ಮೂಲದವರು. ಅವರಲ್ಲೂ ಚೀನಾ ಮತ್ತು ಭಾರತದಿಂದ ಬಂದವರೇ ಹೆಚ್ಚು. ಹೆಸರುವಾಸಿಯಾದ ಮೊಂಟಾ ವಿಸ್ಟಾ ಹೈಸ್ಕೂಲಿನ ವ್ಯಾಪ್ತಿಯಲ್ಲಿ ಒಂದು ಮನೆ ಸಿಗಲೆಂದು ಇಪ್ಪತ್ತು ವರ್ಷದ ಉಳಿತಾಯವನ್ನೆಲ್ಲ ಸುರಿದ ಮಧ್ಯಮ ವರ್ಗದವರು ಇವರು. ಪುರಸಭೆಯ ಸಭೆಗಳಲ್ಲಿ ಮೈಕ್ ಮುಂದೆ ನಿಂತು ಪರವಾಗಿ, ವಿರೋಧವಾಗಿ ಮಾತಾಡುವವರಲ್ಲೂ ನಮ್ಮ ನಾಡಿನ ಹೆಸರುಗಳು ಕೇಳುತ್ತವೆ.

ಊರು 1955ರಲ್ಲಿ ಪುರಸಭೆಯಾದಾಗ ಸುತ್ತ ಇದ್ದದ್ದು ಪ್ಲಮ್, ಏಪ್ರಿಕಾಟ್, ಚೆರ್ರಿ ತೋಟಗಳು. ತೋಟ ಕಡಿದು ಒಂದೊಂದು ನಿವೇಶನಕ್ಕೆ ಒಂದೊಂದು ಮನೆ ಎಂಬ ಲೆಕ್ಕದಲ್ಲಿ ಬಡಾವಣೆ ಎದ್ದಿತು. ಮುಂದೆ ಹುಲ್ಲು, ಹಿಂದೆ ಅಂಗಳ, ಪಕ್ಕದಲ್ಲಿ ಗ್ಯಾರೇಜು. ವಾಲ್ಕೊ ಮಾಲ್ ತೆರೆದದ್ದು 1976ರಲ್ಲಿ. ಐಸ್ ಸ್ಕೇಟಿಂಗ್ ಅಂಗಳ, ದೊಡ್ಡ ದೊಡ್ಡ ಮಳಿಗೆಗಳು, ಆಮೇಲೆ ಸಿನಿಮಾ ಮಂದಿರ. ಒಂದು ಪೀಳಿಗೆಯ ಮಕ್ಕಳು ಶನಿವಾರ ಸಂಜೆ ಕಳೆದ ಜಾಗ ಅದು. ಖರೀದಿ ಆನ್‌ಲೈನ್‌ಗೆ ಹೋದಂತೆ ಮಾಲ್ ಸೊರಗಿತು. 2015, 2016ರ ಹೊತ್ತಿಗೆ ಮೇಸೀಸ್, ಸಿಯರ್ಸ್, ಜೆ.ಸಿ. ಪೆನಿ ಮೂರೂ ಮುಚ್ಚಿದವು.

ಬೆಂಗಳೂರಿನಲ್ಲಿ ಮನೆ ಕಟ್ಟಿದವರಿಗೆ ಎಫ್‌ಎಆರ್ ಗೊತ್ತು. ನಿವೇಶನದ ಎಷ್ಟು ಪಟ್ಟು ಕಟ್ಟಡ ಏಳಬಹುದು ಎನ್ನುವ ಲೆಕ್ಕ ಅದು. ಕ್ಯಾಲಿಫೋರ್ನಿಯಾದ ಉಪನಗರಗಳಲ್ಲಿ ಜಗಳ ಹೆಚ್ಚಾಗಿ ಎಕರೆಗೆ ಎಷ್ಟು ಮನೆ ಎಂಬುದರ ಮೇಲೆ. ಕಟ್ಟಡ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಷ್ಟು ಕುಟುಂಬ ಬರಬಹುದು ಎಂಬುದನ್ನು ಈ ಸಂಖ್ಯೆ ನೇರವಾಗಿ ತೀರ್ಮಾನಿಸುತ್ತದೆ. ಎಕರೆಗೆ ಐದು ಎಂದರೆ ಅಲ್ಲಿ ಸಿರಿವಂತರಿಗಷ್ಟೇ ಜಾಗ. ಮೂವತ್ತೈದು ಎಂದರೆ ಶಿಕ್ಷಕಿಗೂ, ನರ್ಸಿಗೂ ಒಂದು ಆಸೆ.

ಈ ಮಿತಿಗಳಿಗೆ ಒಂದು ಚರಿತ್ರೆ ಇದೆ. ಅದನ್ನು ಬದಿಗಿಟ್ಟು ಕುಪರ್ಟಿನೊ ಬಗ್ಗೆ ಮಾತಾಡುವುದು ಸರಿಯಲ್ಲ. ಇದೇ ರಾಜ್ಯದ ಮೊಡೆಸ್ಟೊ ಎಂಬ ಊರು 1885ರಲ್ಲಿ, ಬಟ್ಟೆ ಒಗೆಯುವ ಅಂಗಡಿಗಳು ಊರಿನ ನಿಗದಿತ ಮೂಲೆಯಲ್ಲಿ ಮಾತ್ರ ಇರಬೇಕೆಂದು ಕಟ್ಟಳೆ ಮಾಡಿತು. ಆ ಅಂಗಡಿಗಳನ್ನು ನಡೆಸುತ್ತಿದ್ದವರು ಚೀನೀಯರು. ಕಟ್ಟಳೆಯ ಗುರಿ ಯಾರೆಂಬುದು ಎಲ್ಲರಿಗೂ ತಿಳಿದಿತ್ತು. 1916ರಲ್ಲಿ ಬರ್ಕ್ಲಿ ನಗರ ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬ ವಲಯವನ್ನು ದೇಶದಲ್ಲೇ ಮೊದಲಿಗರ ಸಾಲಿನಲ್ಲಿ ಜಾರಿಗೆ ತಂದಿತು. ಬೇಡದವರನ್ನು ದೂರ ಇಡುವ ಉದ್ದೇಶ ಅಲ್ಲೂ ಇತ್ತು. ನೂರು ವರ್ಷದ ಮೇಲೆ, 2021ರಲ್ಲಿ, ಬರ್ಕ್ಲಿಯೇ ಆ ನಿಯಮವನ್ನು ಕೈಬಿಡುವ ನಿರ್ಣಯ ಮಾಡಿತು. ಯಾರನ್ನು ಹೊರಗಿಡಲು ಈ ಬಗೆಯ ಗೆರೆಗಳನ್ನು ಎಳೆಯಲಾಯಿತೋ ಅವರ ನಾಡಿನಿಂದ ಬಂದವರೇ ಇಂದು ಕುಪರ್ಟಿನೊದ ಮನೆಮಾಲೀಕರು, ಮತದಾರರು, ಮೇಯರ್‌ಗಳು. ಗೆರೆಯನ್ನು ಕಾಯುವ ಕೆಲಸ ಈಗ ಅವರ ಕೈಗೂ ಬಂದಿದೆ.

ಇನ್ನೊಂದು ಬೇರು 1978ರದು. ಆ ವರ್ಷ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರಪೊಸಿಷನ್ 13’ ಅನ್ನು ಗೆಲ್ಲಿಸಿದರು. ಅದರಂತೆ ಆಸ್ತಿ ತೆರಿಗೆ ಮನೆಯ ಮೌಲ್ಯದ ಶೇ 1ಕ್ಕೆ ಸೀಮಿತ. ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಮಾರಾಟವಾದಾಗ ಮಾರುಕಟ್ಟೆ ಬೆಲೆಗೆ ಮರುಲೆಕ್ಕ. ಹಾಗಾಗಿ 1985ರಲ್ಲಿ ಮನೆ ಕೊಂಡವರೂ 2020ರಲ್ಲಿ ಕೊಂಡವರೂ ಪಕ್ಕಪಕ್ಕದ ಒಂದೇ ಬಗೆಯ ಮನೆಗಳಲ್ಲಿದ್ದು ಹಲವು ಪಟ್ಟು ವ್ಯತ್ಯಾಸದ ತೆರಿಗೆ ಕಟ್ಟುವುದೂ ಉಂಟು. ಬೆಲೆ ಏರಿದರೆ ಹಳೆಯ ಮಾಲೀಕನಿಗೆ ಆಸ್ತಿ ಬೆಳೆಯುತ್ತದೆ, ತೆರಿಗೆಯ ಬಿಸಿ ಮುಟ್ಟುವುದಿಲ್ಲ. ಪುರಸಭೆಗಳಿಗೂ ಮನೆಗಳಿಗಿಂತ ಕಚೇರಿ, ಅಂಗಡಿಗಳೇ ಲಾಭ. ಮನೆ ಬಂದರೆ ಶಾಲೆ, ಉದ್ಯಾನ, ರಸ್ತೆಯ ಖರ್ಚು. ಅಂಗಡಿ ಬಂದರೆ ಮಾರಾಟ ತೆರಿಗೆಯ ವರಮಾನ. ಆ್ಯಪಲ್‌ನ ಹೊಸ ಆವರಣದ ಪ್ರಸ್ತಾಪವನ್ನು 2011ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ತಾವೇ ಕುಪರ್ಟಿನೊ ಪುರಸಭೆಯ ಮುಂದೆ ಇಟ್ಟರು. ಅದು ಅವರ ಕೊನೆಯ ಸಾರ್ವಜನಿಕ ಭಾಷಣ. ಊರಿಗೆ ಇದರಿಂದೇನು ಸಿಗುತ್ತದೆ ಎಂದು ಸದಸ್ಯೆಯೊಬ್ಬರು ಕೇಳಿದಾಗ, ತಾವು ತೆರಿಗೆ ಕಟ್ಟುತ್ತೇವೆ, ಇಲ್ಲಿ ಆಗದಿದ್ದರೆ ಮೌಂಟನ್ ವ್ಯೂನಂಥ ಊರಿಗೆ ಹೋಗಬೇಕಾದೀತು ಎಂಬರ್ಥದ ಉತ್ತರ ಕೊಟ್ಟರು. ಹನ್ನೆರಡು ಸಾವಿರ ಜನರಿಗೆ ಕೆಲಸದ ಜಾಗಕ್ಕೆ ಊರು ಒಪ್ಪಿತು. 2015ರಿಂದ 2023ರ ತನಕದ ಎಂಟು ವರ್ಷಕ್ಕೆ ರಾಜ್ಯದ ವಸತಿ ಗುರಿಯಲ್ಲಿ ಕುಪರ್ಟಿನೊದ ಪಾಲೆಂದು ಗೊತ್ತುಮಾಡಿದ್ದ ಹೊಸ ಮನೆಗಳ ಸಂಖ್ಯೆ 1,064.

ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ಮುಂದಿನ ಕತೆಯೆಲ್ಲ ಅಡಗಿದೆ.

2016ರ ನವೆಂಬರ್ ಚುನಾವಣೆಯಲ್ಲಿ ವಾಲ್ಕೊ ಬಗ್ಗೆ ಎರಡು ಪ್ರಸ್ತಾಪಗಳು ಮತಪತ್ರಕ್ಕೆ ಬಂದವು. ‘ಮೆಶರ್ ಸಿ’ ನಿವಾಸಿಗಳ ಗುಂಪಿನದು. ಆ ಜಾಗ ಅಂಗಡಿ, ಮನರಂಜನೆಗೇ ಮೀಸಲಿರಲಿ, ಕಚೇರಿಯೂ ಬೇಡ, ಮನೆಯೂ ಬೇಡ ಎಂಬುದು ಅದರ ತಿರುಳು. ಕಟ್ಟಡದ ಎತ್ತರಕ್ಕೂ 45 ಅಡಿಯ ಕಡಿವಾಣ ಬಯಸಿತ್ತು. ‘ಮೆಶರ್ ಡಿ’ ಡೆವಲಪರ್ ಕಡೆಯದು. ಇಪ್ಪತ್ತು ಲಕ್ಷ ಚದರ ಅಡಿ ಕಚೇರಿ, ಅಂಗಡಿ, ಒಂದಿಷ್ಟು ಮನೆಗಳು, ಇವೆಲ್ಲದರ ಮೇಲೆ 30 ಎಕರೆ ಹಸಿರು ಹೊದಿಸಿದ ಚಾವಣಿ. ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ ರೂಪಿಸಿದ್ದ ವಿನ್ಯಾಸ ಅದು. ಮತದಾರರು ಎರಡನ್ನೂ ತಿರಸ್ಕರಿಸಿದರು. ಏನು ಬೇಡ ಎಂಬುದು ಗೊತ್ತಾಯಿತು, ಏನು ಬೇಕು ಎಂಬುದು ಗೊತ್ತಾಗಲಿಲ್ಲ.

ವಿರೋಧಿಸಿದವರನ್ನೆಲ್ಲ ಸ್ವಾರ್ಥಿಗಳೆಂದು ತಳ್ಳಿಹಾಕುವುದು ಅನ್ಯಾಯ. ಅವರ ವಾದದಲ್ಲಿ ಗಟ್ಟಿ ಅಂಶಗಳಿದ್ದವು. ಊರಿಗೆ ರೈಲಿಲ್ಲ. ಹತ್ತಿರದ ಕ್ಯಾಲ್‌ಟ್ರೈನ್ ನಿಲ್ದಾಣವೆಂದರೆ ಪಕ್ಕದ ಸನಿವೇಲ್. ಸ್ಟೀವನ್ಸ್ ಕ್ರೀಕ್ ರಸ್ತೆಯ ಬಸ್ಸು ಬಿಟ್ಟರೆ ಎಲ್ಲರೂ ಕಾರಿಗೇ ಗಂಟುಬಿದ್ದವರು. ಬೆಳಿಗ್ಗೆ ಎಂಟರ ಹೊತ್ತಿಗೆ ವುಲ್ಫ್ ರಸ್ತೆಯಲ್ಲಿ ಹೆದ್ದಾರಿಯ ಸೇತುವೆ ದಾಟುವುದು ಎಷ್ಟು ಕಷ್ಟ ಎಂಬುದನ್ನು ಅಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೂ ಮುಖ್ಯವಾದ ಪ್ರಶ್ನೆ ಕಚೇರಿಯದು. ಮುಂದೆ 2018ರಲ್ಲಿ ಬಂದ ಯೋಜನೆಯಲ್ಲಿ 18 ಲಕ್ಷ ಚದರ ಅಡಿ ಕಚೇರಿ ಇತ್ತು. ಒಬ್ಬೊಬ್ಬ ಉದ್ಯೋಗಿಗೆ 200 ಚದರ ಅಡಿ ಹಿಡಿದರೂ 9,000 ಕೆಲಸಗಾರರು. ಮನೆಗಳು 2,402. ಮನೆಯ ಕೊರತೆ ನೀಗಿಸುವ ಯೋಜನೆಯೇ ಕೊರತೆಯನ್ನು ಹೆಚ್ಚಿಸಿದರೆ ಹೇಗೆ ಎಂಬ ಅವರ ಪ್ರಶ್ನೆಗೆ ಸಮಾಧಾನಕರ ಉತ್ತರ ಸಿಗಲೇ ಇಲ್ಲ.

ಆದರೆ ಸಭೆಗಳಲ್ಲಿ ಅತಿ ಹೆಚ್ಚು ಕೇಳಿದ ಮಾತು ಶಾಲೆಯ ಕುರಿತಾದದ್ದು. ಸಾರ್ವಜನಿಕ ವಿಚಾರಣೆಯ ಕ್ರಮ ಗೊತ್ತಿದ್ದವರಿಗೆ ಆ ದೃಶ್ಯ ಪರಿಚಿತ. ಹೆಸರು ಬರೆದ ಚೀಟಿ ಕೊಟ್ಟು ಸರದಿಗೆ ಕಾಯಬೇಕು. ಕರೆ ಬಂದಾಗ ಎದ್ದು ಹೋಗಿ ಮೈಕ್ ಮುಂದೆ ನಿಲ್ಲಬೇಕು. ಮಾತಿಗೆ ಸಿಗುವುದು ಎರಡೋ ಮೂರೋ ನಿಮಿಷ. ಎದುರಿನ ದೀಪ ಹಸಿರಿನಿಂದ ಹಳದಿಗೆ, ಕೆಂಪಿಗೆ ತಿರುಗುವಷ್ಟರಲ್ಲಿ ಮುಗಿಸಬೇಕು. ಸಭೆ ನಡುರಾತ್ರಿ ದಾಟುವುದೂ ಅಪರೂಪವಲ್ಲ. ಹೊಸ ಮನೆ ಬಂದರೆ ತರಗತಿ ಕಿಕ್ಕಿರಿಯುತ್ತದೆ, ಮಕ್ಕಳ ಮೇಲಿನ ಗಮನ ಕಡಿಮೆಯಾಗುತ್ತದೆ, ಇದಕ್ಕಾಗಿಯೇ ನಾವು ಇಷ್ಟು ಸಾಲ ಮಾಡಿ ಇಲ್ಲಿಗೆ ಬಂದೆವೆ ಎಂದು ತಂದೆತಾಯಂದಿರು ಒಬ್ಬರ ಹಿಂದೊಬ್ಬರು ಕೇಳಿದರು. ಪ್ರಾಮಾಣಿಕ ಕಳವಳವೇ ಅದು.

ವಸ್ತುಸ್ಥಿತಿ ಮಾತ್ರ ಅಷ್ಟರಲ್ಲಾಗಲೇ ಉಲ್ಟಾ ಹೊರಳಿತ್ತು. ಸಾಧಾರಣ ಮನೆಗೂ ಇಪ್ಪತ್ತು ಲಕ್ಷ ಡಾಲರ್ ದಾಟಿದ ಊರಿಗೆ ಚಿಕ್ಕ ಮಕ್ಕಳಿರುವ ಕುಟುಂಬ ಬರುವುದಾದರೂ ಹೇಗೆ? ಬಂದವರ ಮಕ್ಕಳು ದೊಡ್ಡವರಾಗಿ ಕಾಲೇಜಿಗೆ ಹೋದರು. ಹೆತ್ತವರು ಅದೇ ಮನೆಯಲ್ಲಿ ಉಳಿದರು. ಕುಪರ್ಟಿನೊ ಯೂನಿಯನ್ ಶಾಲಾ ವಲಯದಲ್ಲಿ ಒಂದು ಕಾಲಕ್ಕೆ 19,000ದಷ್ಟಿದ್ದ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗಿತು. 2021ರ ಅಕ್ಟೋಬರ್‌ನಲ್ಲಿ ಶಾಲಾ ಮಂಡಳಿ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಜ್ ಎಂಬ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚುವ ತೀರ್ಮಾನ ಮಾಡಿತು. ತುಂಬಿ ತುಳುಕುತ್ತದೆಂದು ಹೆದರಿದ ಊರಿನಲ್ಲಿ ಮಕ್ಕಳಿಲ್ಲದೆ ಶಾಲೆಗೆ ಬೀಗ ಬಿತ್ತು. ಈ ಇಡೀ ವಿವಾದದಲ್ಲಿ ಮನಸ್ಸಿಗೆ ಹೆಚ್ಚು ನೋವು ಕೊಡುವ ಸಂಗತಿ ಇದು. ಯಾವ ಮಕ್ಕಳ ಹೆಸರಿನಲ್ಲಿ ಹೊಸ ಮನೆ ಬೇಡವೆಂದರೋ ಆ ಮಕ್ಕಳ ತಮ್ಮ ತಂಗಿಯರ ವಯಸ್ಸಿನವರು ಊರಿಗೆ ಬರಲೇ ಇಲ್ಲ.

ಸ್ಥಳೀಯರ ಹಗ್ಗಜಗ್ಗಾಟ ನಡೆದಿರುವಾಗಲೇ ರಾಜ್ಯ ಸರ್ಕಾರದ ತಾಳ್ಮೆ ಮುಗಿಯಿತು. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸೆನೆಟರ್ ಸ್ಕಾಟ್ ವೀನರ್ ತಂದ ‘ಎಸ್‌ಬಿ 35’ ಮಸೂದೆಗೆ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ತನ್ನ ಪಾಲಿನ ಮನೆಗಳನ್ನು ಕಟ್ಟದ ಊರಿನಲ್ಲಿ, ಇರುವ ನಿಯಮಗಳಿಗೆ ಹೊಂದುವ ಯೋಜನೆ ಬಂದರೆ, ಸಾರ್ವಜನಿಕ ವಿಚಾರಣೆಗೆ, ಪರಿಸರ ವರದಿಗೆ ಕಾಯದೆ ನಿಗದಿತ ಅವಧಿಯೊಳಗೆ ಮಂಜೂರು ಮಾಡಲೇಬೇಕು ಎನ್ನುವ ಕಾನೂನು ಅದು. ಕಡಿಮೆ ಆದಾಯದವರ ಮನೆಗಳಲ್ಲಿ ಹಿಂದುಳಿದ ಊರಾದರೆ ಅರ್ಧದಷ್ಟು ಮನೆ ಅಂಥವರಿಗೇ ಮೀಸಲಿರಬೇಕು. ಕುಪರ್ಟಿನೊ ಆ ಪಟ್ಟಿಯಲ್ಲಿತ್ತು.

2018ರ ಮಾರ್ಚ್‌ನಲ್ಲಿ ವಾಲ್ಕೊ ಡೆವಲಪರ್ ಆ ಕಾನೂನಿನಡಿ ಅರ್ಜಿ ಹಾಕಿದರು. ಅರ್ಜಿಯ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಜಾಗ 50.82 ಎಕರೆ. ಊರಿನದೇ ಸಾಮಾನ್ಯ ಯೋಜನೆಯಲ್ಲಿ ಆ ಜಾಗಕ್ಕಿದ್ದ ಮಿತಿ ಎಕರೆಗೆ 35 ಮನೆ. ಗುಣಿಸಿದರೆ 1,779. ಕಡಿಮೆ ಬಾಡಿಗೆಯ ಮನೆ ಕೊಡುವವರಿಗೆ ರಾಜ್ಯದ ಕಾಯ್ದೆ ಕೊಡುವ ಶೇ 35ರ ಹೆಚ್ಚುವರಿ ಸೇರಿಸಿದರೆ ಇನ್ನು 623. ಒಟ್ಟು 2,402. ಅದರಲ್ಲಿ ಅರ್ಧ, ಅಂದರೆ 1,201, ಕಡಿಮೆ ಆದಾಯದವರಿಗೆ. ಊರು ತಾನೇ ಬರೆದಿಟ್ಟ ಮಿತಿಯನ್ನೇ ಹಿಡಿದು ಡೆವಲಪರ್ ಊರಿನ ಬಾಗಿಲು ತಟ್ಟಿದ್ದರು. ಅದೇ ಸಾಮಾನ್ಯ ಯೋಜನೆ ಹಿಂದೆ ವಾಲ್ಕೊಗೆ ಹಂಚಿದ್ದು ಬರೀ 389 ಮನೆ ಎಂಬುದನ್ನು ನೆನೆದವರು ದಂಗಾದರು. ಸೆಪ್ಟೆಂಬರ್ 2018ರಲ್ಲಿ ಪುರಸಭೆಯ ಅಧಿಕಾರಿಗಳು ಅರ್ಜಿಯನ್ನು ಮಂಜೂರು ಮಾಡಿದರು. ಮುಂದಿನ ತಿಂಗಳೇ ಮಾಲ್ ಕೆಡವುವ ಯಂತ್ರಗಳು ಬಂದವು.

ಇಲ್ಲೇ ಊರು ಕಳೆದುಕೊಂಡದ್ದೇನು ಎಂಬುದು ಕಾಣುತ್ತದೆ. ಅದೇ ಸೆಪ್ಟೆಂಬರ್‌ನಲ್ಲಿ ಪುರಸಭೆ ಇನ್ನೊಂದು ದಾರಿಯನ್ನೂ ಒಪ್ಪಿತ್ತು. ತಿಂಗಳುಗಟ್ಟಲೆ ನಿವಾಸಿಗಳೊಂದಿಗೆ ಕೂತು ರೂಪಿಸಿದ ‘ವಾಲ್ಕೊ ಸ್ಪೆಸಿಫಿಕ್ ಪ್ಲಾನ್’ ಅದು. ಅದರಲ್ಲೂ ಸಾವಿರಾರು ಮನೆಗಳಿದ್ದವು. ಆದರೆ ಬದಲಿಗೆ ಊರಿಗೆ ಹೊಸ ಪುರಭವನ, ಕಲಾಮಂದಿರ, ಶಾಲೆಗಳಿಗೆ ನೆರವು ಎಂಬ ಚೌಕಾಸಿಯೂ ಇತ್ತು. ವಿರೋಧಿಗಳು ಸಹಿ ಸಂಗ್ರಹಿಸಿ ಆ ಯೋಜನೆಯನ್ನು ಮತದಾನಕ್ಕೆ ತರಲು ಹೊರಟರು. ನವೆಂಬರ್ ಚುನಾವಣೆಯಲ್ಲಿ ಪುರಸಭೆಯ ಬಲಾಬಲ ಬದಲಾಯಿತು. 2019ರ ಮೇ ತಿಂಗಳಲ್ಲಿ ಹೊಸ ಪುರಸಭೆ ಯೋಜನೆಯನ್ನು ರದ್ದುಮಾಡಿತು. ಆದರೆ ಎಸ್‌ಬಿ 35ರ ಮಂಜೂರಾತಿ ಹಾಗೇ ನಿಂತಿತ್ತು. ಮಾತುಕತೆಯ ಯೋಜನೆ ಹೋಯಿತು, ಮಾತುಕತೆಗೆ ಅವಕಾಶವಿಲ್ಲದ ಯೋಜನೆ ಉಳಿಯಿತು.

ಅದೇ ವರ್ಷದ ಆರಂಭದಲ್ಲಿ ಮೇಯರ್ ಸ್ಟೀವನ್ ಶಾರ್ಫ್ ವಾರ್ಷಿಕ ಭಾಷಣದಲ್ಲಿ, ಕುಪರ್ಟಿನೊ ಸುತ್ತ ಗೋಡೆ ಕಟ್ಟುವ, ಅದರ ಖರ್ಚನ್ನು ಸ್ಯಾನ್ ಹೊಸೆಯಿಂದ ವಸೂಲು ಮಾಡುವ ಮಾತಾಡಿದರು. ತಮಾಷೆಗೆ ಅಂದದ್ದು ಎಂದು ಅವರು ಹೇಳಿದರೂ ಪಕ್ಕದ ಊರಿನವರಿಗೆ ಅದು ತಮಾಷೆಯೆನಿಸಲಿಲ್ಲ. ಸಿಲಿಕಾನ್ ಕಣಿವೆಯ ಕಚೇರಿಗಳಲ್ಲಿ ದುಡಿಯುವವರನ್ನು ರಾತ್ರಿ ಮಲಗಿಸುವ ಹೊರೆ ಹೊತ್ತಿರುವುದು ಸ್ಯಾನ್ ಹೊಸೆಯಂಥ ಊರುಗಳೇ. ಅಲ್ಲೂ ಬಾಡಿಗೆ ಎಟುಕದವರು ಇನ್ನೂ ದೂರ, ಆಲ್ಟಮಾಂಟ್ ಘಟ್ಟದಾಚೆಯ ಟ್ರೇಸಿ, ಮ್ಯಾಂಟೀಕ, ಸ್ಟಾಕ್ಟನ್‌ಗಳಲ್ಲಿದ್ದಾರೆ. ಸ್ಟಾಕ್ಟನ್‌ನಿಂದ ಸ್ಯಾನ್ ಹೊಸೆಗೆ 1998ರಿಂದ ಓಡುತ್ತಿರುವ ‘ಏಸ್’ ರೈಲಿನ ದಿನ ಶುರುವಾಗುವುದು ಬೆಳಗಿನ ಜಾವ, ಊರೆಲ್ಲ ನಿದ್ದೆಯಲ್ಲಿರುವಾಗ. ಆ ರೈಲಿನಲ್ಲಿ ತೂಕಡಿಸುತ್ತ ಬರುವವರಿಗೆ ಕುಪರ್ಟಿನೊದ ಸಭೆಯಲ್ಲಿ ಮೂರು ನಿಮಿಷ ಮಾತಾಡಲು ಪುರುಸೊತ್ತೆಲ್ಲಿ? ಊರಿನ ಬೆಳವಣಿಗೆಯ ಬಗ್ಗೆ ಮತ ಹಾಕುವವರು ಈಗಾಗಲೇ ಒಳಗಿರುವವರು. ಬರಬೇಕಾದವರಿಗೆ ಓಟಿಲ್ಲ. ಉಪನಗರದ ಪ್ರಜಾಪ್ರಭುತ್ವದ ಈ ಕುರುಡು ಮೂಲೆಯನ್ನು ಪುರಸಭೆಯೊಂದೇ ಸರಿಪಡಿಸಲಾರದು. ರಾಜ್ಯ ಕೈಹಾಕಿದ್ದು ಸರಿ ಎನ್ನುವುದಕ್ಕೆ ಅದೇ ಬಲವಾದ ಕಾರಣ.

ಮೊಕದ್ದಮೆಯ ಕತೆ ಚುಟುಕು. ವಾಲ್ಕೊ ಮಂಜೂರಾತಿ ಕಾನೂನುಬಾಹಿರ ಎಂದು ನಿವಾಸಿಗಳ ಗುಂಪು ಕೋರ್ಟಿಗೆ ಹೋಯಿತು. ಕಾನೂನು ಬಯಸುವಂತೆ ವಸತಿಯ ಪಾಲು ಮೂರನೇ ಎರಡರಷ್ಟಿಲ್ಲ, ಜಾಗ ವಿಷಕಾರಿ ವಸ್ತುಗಳ ಪಟ್ಟಿಯಲ್ಲಿದೆ ಎಂಬೆಲ್ಲ ವಾದಗಳನ್ನು 2020ರ ಮೇ ತಿಂಗಳಲ್ಲಿ ಸಾಂತಾ ಕ್ಲಾರಾ ಕೌಂಟಿಯ ನ್ಯಾಯಾಲಯ ತಳ್ಳಿಹಾಕಿತು. ಮಣ್ಣಿನ ಬಗೆಗಿನ ಆತಂಕ ಪೂರ್ತಿ ಪೊಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮುಂದೆ ಜಾಗದಲ್ಲಿ ಮಾಲಿನ್ಯ ಪತ್ತೆಯಾಗಿ ಕೌಂಟಿಯ ನಿಗಾದಲ್ಲಿ ಶುದ್ಧೀಕರಣ ನಡೆಯಬೇಕಾಯಿತು. ಕೆಲಸ ಇನ್ನಷ್ಟು ನಿಧಾನವಾಯಿತು. ‘ದ ರೈಸ್’ ಎಂದು ಹೆಸರು ಬದಲಿಸಿಕೊಂಡ ಯೋಜನೆಯ 2024ರ ಪರಿಷ್ಕೃತ ರೂಪದಲ್ಲಿ ಮನೆಗಳು 2,669ಕ್ಕೆ ಏರಿದವು. ಕಡಿಮೆ ಆದಾಯದವರ ಮನೆಗಳು ಮಾತ್ರ 1,201ರಿಂದ 890ಕ್ಕೆ ಇಳಿದವು. ತಡವಾದಷ್ಟೂ ಬಡವರ ಪಾಲು ಕರಗಿತು.

ಇಂಥದ್ದೇ ಪಾಠ ಹತ್ತಿರದ ಪಾಲೊ ಆಲ್ಟೊದಲ್ಲೂ ಸಿಕ್ಕಿತ್ತು. ಅಲ್ಲಿ ಮೇಬೆಲ್ ರಸ್ತೆಯಲ್ಲಿ ಕಡಿಮೆ ಆದಾಯದ ಹಿರಿಯರಿಗೆ 60 ಫ್ಲ್ಯಾಟ್, ಜೊತೆಗೆ 12 ಮನೆ ಕಟ್ಟುವ ಯೋಜನೆಯನ್ನು 2013ರಲ್ಲಿ ಮತದಾರರು ಸೋಲಿಸಿದರು. ಕಾಲಾನಂತರ ಅದೇ ಜಾಗದಲ್ಲಿ ಸಿರಿವಂತರ 16 ಮನೆಗಳು ಎದ್ದವು. ಬಡಾವಣೆಯ ರೂಪ ಉಳಿಯಿತು, ಹಿರಿಯರಿಗೆ ಮನೆ ಸಿಗಲಿಲ್ಲ.

2023ರಿಂದ 2031ರ ಅವಧಿಗೆ ಕುಪರ್ಟಿನೊದ ಪಾಲು 4,588 ಮನೆ. ಹಿಂದಿನದಕ್ಕಿಂತ ನಾಲ್ಕು ಪಟ್ಟು. ಇದರಲ್ಲಿ 2,635 ಮನೆ ಮಧ್ಯಮ ಅಥವಾ ಅದಕ್ಕಿಂತ ಕಡಿಮೆ ಆದಾಯದವರಿಗೆ. ಇವು ಎಲ್ಲೆಲ್ಲಿ ಬರುತ್ತವೆ ಎಂಬ ಯೋಜನೆಯನ್ನು 2023ರ ಜನವರಿ 31ರೊಳಗೆ ಒಪ್ಪಿಸಬೇಕಿತ್ತು. ಊರು ಗಡುವು ತಪ್ಪಿಸಿತು. ವಸತಿ ಪರ ಸಂಘಟನೆಗಳು ದಾವೆ ಹೂಡಿದವು. ಯೋಜನೆಗೆ ರಾಜ್ಯದ ಒಪ್ಪಿಗೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ನಡುವಿನ ಅವಧಿಯಲ್ಲಿ ‘ಬಿಲ್ಡರ್ಸ್ ರೆಮಿಡಿ’ ಎಂಬ ಹಳೆಯ ಕಾನೂನು ಜೀವ ಪಡೆಯಿತು. ಒಪ್ಪಿತ ಯೋಜನೆ ಇಲ್ಲದ ಊರಿನಲ್ಲಿ, ಶೇ 20ರಷ್ಟು ಮನೆ ಕಡಿಮೆ ಆದಾಯದವರಿಗೆ ಕೊಟ್ಟರೆ, ಎಕರೆಗೆ ಇಷ್ಟೇ ಎಂಬ ಸ್ಥಳೀಯ ಮಿತಿಯನ್ನು ಮೀರಿದೆ ಎಂಬ ಕಾರಣ ಕೊಟ್ಟು ಅರ್ಜಿಯನ್ನು ಆಗ ತಿರಸ್ಕರಿಸುವಂತಿರಲಿಲ್ಲ. ಮಿತಿ ಕಾಯಲು ಹೊರಟ ಊರು ಮಿತಿಯನ್ನೇ ಕೆಲಕಾಲ ಕಳೆದುಕೊಂಡಿತ್ತು. ಬೇಡ ಎಂದು ಪಟ್ಟು ಹಿಡಿದಷ್ಟೂ ಎಲ್ಲಿ, ಹೇಗೆ, ಯಾರಿಗೆ ಎಂದು ಹೇಳುವ ಅಧಿಕಾರ ಕೈಜಾರಿತು. ಮರ ಎಲ್ಲಿ ಉಳಿಯಬೇಕು, ಕಚೇರಿ ಎಷ್ಟು ಸಾಕು, ಬಸ್ಸಿಗೆ ಯಾರು ದುಡ್ಡು ಕೊಡಬೇಕು ಎಂಬ ಚರ್ಚೆಗಳಲ್ಲಿ ನಿವಾಸಿಗಳ ಅನುಭವಕ್ಕೆ ನಿಜವಾದ ಬೆಲೆಯಿತ್ತು. ಆ ಚರ್ಚೆ ಆಗಬೇಕಾದ ವರ್ಷಗಳು ಬರೀ ಸಂಖ್ಯೆಯ ಜಗಳದಲ್ಲಿ ಕಳೆದವು.

ಎಂಬತ್ತು, ತೊಂಬತ್ತರ ದಶಕದಲ್ಲಿ ಬಂದು ಮನೆ ಕೊಂಡ ಕನ್ನಡಿಗ ಎಂಜಿನಿಯರ್‌ಗಳ ಪೀಳಿಗೆಗೆ ಈಗ ಅರವತ್ತು, ಎಪ್ಪತ್ತು ವರ್ಷ. ನಾಲ್ಕು ಕೋಣೆಯ ಮನೆಯಲ್ಲಿ ಇಬ್ಬರೇ. ಮೆಟ್ಟಿಲು ಹತ್ತುವುದು ಕಷ್ಟವಾಗಿದೆ. ಅದೇ ಊರಿನಲ್ಲಿ, ಅದೇ ಗೆಳೆಯರ ನಡುವೆ, ಲಿಫ್ಟ್ ಇರುವ ಸಣ್ಣದೊಂದು ಫ್ಲ್ಯಾಟಿಗೆ ಹೋಗೋಣವೆಂದರೆ ಅಂಥ ಫ್ಲ್ಯಾಟುಗಳೇ ಅಪರೂಪ. 2020ರ ‘ಪ್ರಪೊಸಿಷನ್ 19’ 55 ದಾಟಿದವರಿಗೆ ಹಳೆಯ ತೆರಿಗೆಯ ಲೆಕ್ಕವನ್ನು ಹೊಸ ಮನೆಗೆ ಒಯ್ಯುವ ಸೌಲಭ್ಯ ಕೊಟ್ಟಿದೆ. ಒಯ್ಯಲು ಮನೆ ಬೇಕಲ್ಲ. ಅಲ್ಲೇ ಹುಟ್ಟಿ ಬೆಳೆದ ಅವರ ಮಕ್ಕಳಿಗೆ, ಒಳ್ಳೆಯ ಸಂಬಳವಿದ್ದರೂ, ಹುಟ್ಟೂರಿನಲ್ಲಿ ಮನೆ ಕೊಳ್ಳುವುದು ಕನಸಿನ ಮಾತು. ಮೊಮ್ಮಕ್ಕಳು ಬೆಳೆಯುತ್ತಿರುವುದು ಆಸ್ಟಿನ್‌ನಲ್ಲೋ ಸಿಯಾಟಲ್‌ನಲ್ಲೋ.

ಕೆಲವರು ಹಿತ್ತಲಿನ ಕಡೆ ತಿರುಗಿದ್ದಾರೆ. ರಾಜ್ಯದ ಈಚಿನ ಕಾನೂನಿನಂತೆ, ಇರುವ ಮನೆಯ ಹಿಂದೆ 800 ಚದರ ಅಡಿಯ ಇನ್ನೊಂದು ಪುಟ್ಟ ಮನೆ ಕಟ್ಟಲು, ಗಡಿಯಿಂದ ನಾಲ್ಕು ಅಡಿ ಬಿಟ್ಟರೆ ಸಾಕು, ಪುರಸಭೆ ಅಡ್ಡಿ ಮಾಡುವಂತಿಲ್ಲ. ಪೂರ್ಣ ಅರ್ಜಿಗೆ 60 ದಿನದಲ್ಲಿ ಉತ್ತರ ಕೊಡಬೇಕು. 2022ರಿಂದ ಜಾರಿಯಲ್ಲಿರುವ ‘ಎಸ್‌ಬಿ 9’ ಒಂದು ನಿವೇಶನವನ್ನು ಎರಡಾಗಿಸಲೂ ಅವಕಾಶ ಕೊಟ್ಟಿದೆ. ವಯಸ್ಸಾದ ತಾಯಿಗೆಂದೋ, ಮಗಳಿಗೂ ಅಳಿಯನಿಗೂ ಎಂದೋ ನಕ್ಷೆ ಬರೆಸಿ ಕೌಂಟರಿಗೆ ಬರುವ ಈ ಕುಟುಂಬಗಳ ಅರ್ಜಿಗಳಿಗೆ ಸಾರ್ವಜನಿಕ ವಿಚಾರಣೆ ಇಲ್ಲ, ಕೆಂಪು ದೀಪವೂ ಇಲ್ಲ, ಪಕ್ಕದ ಮನೆಯವರ ಒಪ್ಪಿಗೆಯೂ ಬೇಕಿಲ್ಲ.